ಗುಣವತಿ ಹೇಳಿದ ಸುಳ್ಳು

ಹಾಲಾಡಿ ಪೇಟೆಯಿಂದ ಒಂದು ಮೈಲು ಆಚೆಗಿರುವ ಗೇರುಬೀಜದ ಫ್ಯಾಕ್ಟರಿಯಲ್ಲಿ ಗುಣವತಿ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷ. ಕೆರಾಡಿಯ ಕಾಡಂಚಿನ ಮನೆಯಿಂದ ಮದುವೆಯಾಗಿ ಬಂದವಳು ಮೊದಲು ಬೀಜದ ಸಿಪ್ಪೆ ಬಿಡಿಸಿದಳು. ಆಮೇಲೆ ಇಡಿ ಬೇರೆ, ಹೋಳು ಬೇರೆ, ನುಚ್ಚು ಬೇರೆ ಎಂದು ಆರಿಸುವ ಮೇಜಿಗೆ ಬಂದಳು. ಈಗ ಆ ಮೇಜುಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಅರುವತ್ತು ಹೆಂಗಸರು ಅವಳ ಕಣ್ಣಳತೆಯಲ್ಲಿ ಕೆಲಸ ಮಾಡುತ್ತಿದ್ದರು. ಅವಳು ಜೋರು ಮಾಡಿದ್ದನ್ನು ಯಾರೂ ಕೇಳಿಲ್ಲ, ನಕ್ಕದ್ದನ್ನೂ ಹೆಚ್ಚು ಜನ ಕಂಡಿಲ್ಲ. ‘ಗುಣಕ್ಕನ ಮುಖ ಹಾಗೇ’ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಮಾತಿನ ಲೆಕ್ಕವನ್ನು ಸರಿದೂಗಿಸಲು ಮನೆಯಲ್ಲಿ ಗಂಡ ಶೀನ ಇದ್ದ. ಜಂಕ್ಷನ್ನಿನ ಸ್ಟ್ಯಾಂಡಿನಲ್ಲಿ ರಿಕ್ಷಾ ಇಟ್ಟವನು. ಹತ್ತಿದವರು ಇಳಿಯುವುದರೊಳಗೆ ಅವರ ಮೂರು ತಲೆಮಾರಿನ ಸುದ್ದಿ ಕೇಳಿ, ತನ್ನದು ಆರು ತಲೆಮಾರಿನದು ಹೇಳಿ ಮುಗಿಸುವ ಜಾತಿ. ಒಬ್ಬಳೇ ಮಗಳು ಅಕ್ಷಯಾ, ಬ್ರಹ್ಮಾವರಕ್ಕೆ ಮದುವೆಯಾಗಿ ಹೋಗಿದ್ದಳು.

ಫ್ಯಾಕ್ಟರಿಯ ಹಳೆಯ ಧಣಿಗಳು ತೀರಿಕೊಂಡ ಮೇಲೆ ಮಗ ರಂಜನ್ ಬಂದು ಕೂತ. ಮೊದಲ ಎರಡು ವರ್ಷ ಅವನಿಗೆ ಎಲ್ಲರ ಮೇಲೂ ಸಿಟ್ಟು, ಎಲ್ಲದಕ್ಕೂ ಹೆದರಿಕೆ. ಆಮೇಲೆ ಬೆಂಗಳೂರಿನವರು ನಡೆಸುವ ಯಾವುದೋ ಮನಸ್ಸಿನ ತರಬೇತಿಗೆಂದು ಥಾಯ್ಲೆಂಡಿಗೆ ಹೋಗಿ ಬಂದ. ಹೋದವನೇ ಬೇರೆ, ಬಂದವನೇ ಬೇರೆ. ಶೆಡ್ಡಿಗೆ ಫ್ಯಾನು ಹಾಕಿಸಿದ. ಬೆನ್ನು ಒರಗಿಸುವ ಕುರ್ಚಿ ತರಿಸಿದ. ಎಳೆಮಕ್ಕಳ ತಾಯಂದಿರಿಗೆ ತೊಟ್ಟಿಲು ಕಟ್ಟಿದ ಒಂದು ಕೋಣೆ ಮಾಡಿಸಿಕೊಟ್ಟ. ಹಾಗಾಗಿ ಆ ತರಬೇತಿಯ ಮೇಲೆ ಹೆಂಗಸರಿಗೆಲ್ಲ ಒಂದು ರೀತಿಯ ಭಕ್ತಿಯೇ ಬಂದುಬಿಟ್ಟಿತು. ಅವನು ಗುಣವತಿಯನ್ನು ಕರೆದು “ಗುಣಕ್ಕ, ಈ ಸಲ ನೀವೂ ಬರ್ಕ್” ಎಂದಾಗ ಅವಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

“ನಂಗೆ ಇಂಗ್ಲೀಷ್ ಬತ್ತಿಲ್ಲೆ ಸರ್.”

“ಕನ್ನಡದ ಬ್ಯಾಚೇ. ಆಫೀಸಿನ ವಿನಯಾನೂ ಬತ್ಲ್. ನಿಮ್ಮೊಳ್ಗೆ ಎಂತದೋ ಒಂದ್ ಇತ್ತ್ ಗುಣಕ್ಕ. ನಾನ್ ಸಣ್ಣೋನಿಪ್ಪತ್ತಿಂದ ಕಾಂತಾ ಇದ್ದೆ. ಅದ್ ಹೊರ್ಗ್ ಬರ್ಕ್.”

ಒಳಗಿರುವುದನ್ನು ಹೊರಗೆ ಹಾಕಲು ವಿಮಾನ ಹತ್ತುವುದು ಏಕೆಂದು ಅವಳಿಗೆ ಅರ್ಥವಾಗಲಿಲ್ಲ. ಆದರೆ ಶೀನನ ಸಂಭ್ರಮವನ್ನು ಹಿಡಿಯುವವರಿರಲಿಲ್ಲ. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಮನೆಗೆ ಬಂದ ದಿನ ಅವರಿಗೆ ಮರದಿಂದ ಬೊಂಡ ಇಳಿಸಿ ಕೊಟ್ಟು, ಅದನ್ನು ಸ್ಟ್ಯಾಂಡಿನಲ್ಲಿ ಒಂದು ವಾರ ಹೇಳಿದ. “ಹೋಯ್ ಬಾ ಮಾರಾಯ್ತಿ. ನಾನಂತೂ ಇಮಾನ ಕೆಳ್ಗಿಂದ ಕಂಡದ್ದೇ ಸೈ. ನೀ ಮೇಲಿಂದ ಕಂಡ್ಕಂಡ್ ಬಂದ್ ಹೇಳ್.”

ಹೀಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಗುಣವತಿ ಥಾಯ್ಲೆಂಡಿಗೆ ಹೋದಳು.

ರೆಸಾರ್ಟು ಊರಿನಿಂದ ದೂರ, ಗುಡ್ಡದ ಮೇಲಿತ್ತು. ಇಳಿದ ಕೂಡಲೇ ಬಿಳಿ ಟೀಶರ್ಟಿನ ಹುಡುಗಿಯರು ಕೊರಳಿಗೆ ಹೂ ಹಾಕಿ, ಮೊಬೈಲು ಮತ್ತು ಕೈಗಡಿಯಾರಗಳನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದರು. ಪಾಸ್‌ಪೋರ್ಟುಗಳು ಆಫೀಸಿನ ಲಾಕರಿಗೆ ಹೋದವು. ಐದು ದಿನ ಹೊರಗಿನ ಲೋಕ ಇಲ್ಲ ಎಂದರು. ನಲವತ್ತು ಜನರಿದ್ದರು. ಹೆಚ್ಚಿನವರು ಅಂಗಡಿ, ಕಾರ್ಖಾನೆ ಇಟ್ಟುಕೊಂಡ ಧಣಿಗಳು, ಜೊತೆಗೆ ಅವರು ಕರೆತಂದ ಕೆಲಸದವರು. ತರಬೇತಿ ಕೊಡುವವನನ್ನು ಎಲ್ಲರೂ ಮೆಂಟರ್ ಸರ್ ಎನ್ನುತ್ತಿದ್ದರು. ನುಣುಪಾದ ಧ್ವನಿಯ ಮನುಷ್ಯ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವನು.

ತರಬೇತಿ ನಡೆಯುವ ಹಾಲಿನ ಕಿಟಕಿಗಳಿಗೆಲ್ಲ ದಪ್ಪ ಕಪ್ಪು ಪರದೆ. ಒಳಗೆ ಮೈ ಕೊರೆಯುವ ಎ.ಸಿ. ಬಾಗಿಲಲ್ಲಿ ಇಬ್ಬರು ನಿಂತಿರುತ್ತಿದ್ದರು. ಅನುಮತಿ ಕೇಳದೆ ಬಚ್ಚಲಿಗೂ ಹೋಗುವಂತಿಲ್ಲ. ಗುಣವತಿಗೆ ಮೊದಲ ದಿನ ತಲೆ ಭಾರ, ಎರಡನೆಯ ದಿನ ಹೊಟ್ಟೆ ಭಾರ. ಹೊತ್ತೆಷ್ಟಾಯಿತು ಎಂಬುದು ಗೊತ್ತಾಗುತ್ತಿರಲಿಲ್ಲ. ಫ್ಯಾಕ್ಟರಿಯ ಶೆಡ್ಡಿನಲ್ಲಿ ಬಿಸಿಲು ಯಾವ ಮೇಜಿಗೆ ಬಂತು ಎನ್ನುವುದರ ಮೇಲೆ ಗಂಟೆ ಹೇಳುತ್ತಿದ್ದವಳು ಅವಳು. ಇಲ್ಲಿ ಹಗಲೇ ಇರಲಿಲ್ಲ.

ಮೂರನೆಯ ದಿನ ‘ಬೀಗ ಒಡೆಯುವ ದಿನ’ ಎಂದರು. ಪ್ರತಿಯೊಬ್ಬರೂ ನಡುವೆ ಬಂದು, ಯಾರಿಗೂ ಹೇಳದ ತಮ್ಮ ಅತಿ ದೊಡ್ಡ ನೋವನ್ನು ಹೇಳಬೇಕು. ಎಲ್ಲರೂ ಹೇಳುವ ತನಕ ಬಾಗಿಲು ತೆರೆಯುವುದಿಲ್ಲ, ಊಟವೂ ಇಲ್ಲ. ಒಬ್ಬ ದೊಡ್ಡ ಹೊಟ್ಟೆಯ ಸಾಹುಕಾರ ತನ್ನ ಅಪ್ಪ ಬೆಲ್ಟಿನಲ್ಲಿ ಹೊಡೆದದ್ದನ್ನು ಹೇಳಿ ನೆಲಕ್ಕೆ ಬಿದ್ದು ಅತ್ತ. ರಂಜನ್ ತನ್ನ ತಂದೆ ಸಾಯುವಾಗಲೂ ‘ನಿನ್ನಿಂದ ಆಗದು’ ಎಂದದ್ದನ್ನು ಹೇಳಿದ. ವಿನಯಾ ಹೇಳಿದಳು. ಶಿವಮೊಗ್ಗ ಕಡೆಯ ಒಬ್ಬ ಹೆಂಗಸು ಗಂಡ ತನ್ನನ್ನು ಹೊಡೆದದ್ದನ್ನು ಹೇಳಿದಾಗ ಹಾಲಿನಲ್ಲಿ ಇದ್ದವರೆಲ್ಲ ಎದ್ದು ಅವಳನ್ನು ತಬ್ಬಿಕೊಂಡರು.

ಕೊನೆಗೆ ಉಳಿದವಳು ಗುಣವತಿ ಒಬ್ಬಳೇ.

“ನಂದ್ ಎಂತದೂ ಇಲ್ಲೆ” ಎಂದಳು.

“ಇದೆ ಅಮ್ಮಾ” ಎಂದ ಮೆಂಟರ್ ಸರ್, ಮೆಲ್ಲಗೆ. “ನಿಮ್ಮ ಮುಖದಲ್ಲೇ ಇದೆ. ನಾವು ಕಾಯ್ತೀವಿ.”

ಕಾದರು. ಎಷ್ಟು ಹೊತ್ತು ಎಂದು ಹೇಳಲು ಅವಳ ಹತ್ತಿರ ಗಡಿಯಾರ ಇರಲಿಲ್ಲ. ಕಾಲು ಮರಗಟ್ಟಿತು. ಹಿಂದಿನಿಂದ ಯಾರೋ ಹಸಿವಿಗೆ ನಿಟ್ಟುಸಿರು ಬಿಟ್ಟರು. “ನಿಮ್ಮೊಬ್ಬರಿಂದ ಮೂವತ್ತೊಂಬತ್ತು ಜನ ಇಲ್ಲಿ ಕೂತಿದ್ದಾರೆ” ಎಂದು ಮೆಂಟರ್ ಸರ್ ಅದೇ ನುಣುಪು ಧ್ವನಿಯಲ್ಲಿ ಹೇಳಿದ. ಒಬ್ಬ ಎದ್ದು “ಹೇಳ್ಬಿಡಿ ಮೇಡಂ, ಪುಣ್ಯ ಬರುತ್ತೆ” ಎಂದ. ರಂಜನ್ ಎದುರಿನ ಸಾಲಿನಲ್ಲಿ ಕೈ ಮುಗಿದು ಕೂತಿದ್ದ. ಅವಳು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿದ್ದವರು ಅವಳನ್ನು ನೋಡಿ ನಕ್ಕರು, ಆದರೆ ಸರಿಯಲಿಲ್ಲ.

ಅವಳಿಗೆ ನೋವಿರಲಿಲ್ಲ ಎಂದಲ್ಲ. ಇತ್ತು. ಅಕ್ಷಯಾ ಹುಟ್ಟುವ ಎರಡು ವರ್ಷ ಮೊದಲು ಅವಳಿಗೊಂದು ಗಂಡು ಮಗುವಾಗಿತ್ತು. ಉಸಿರಾಟದ ತೊಂದರೆ. ಒಂಬತ್ತು ದಿನ ಇದ್ದು ಹೋಯಿತು. ಬಾಣಂತಿ ಎದ್ದು ಬರಬಾರದೆಂದು ಅವಳನ್ನು ಕೋಣೆಯಲ್ಲೇ ಕೂರಿಸಿದ್ದರು. ಕಿಟಕಿಯಿಂದ ಕಂಡದ್ದು ಇಷ್ಟೇ: ಶೀನ ಒಂದು ಟವೆಲಿನ ಗಂಟನ್ನು ಎದೆಗೊತ್ತಿಕೊಂಡು ಅಂಗಳ ಇಳಿದು ಹಾಡಿಯ ಮರಗಳ ನಡುವೆ ಹೋದದ್ದು. ಬಂದು ಮಿಂದು, ಯಾರನ್ನೂ ಕರೆಯದೆ ತಾನೇ ಗಂಜಿ ಬೇಯಿಸಿ ಅವಳ ಮುಂದೆ ತಂದಿಟ್ಟ. ಆ ದಿನದಿಂದ ಇಬ್ಬರೂ ಆ ಸುದ್ದಿ ಎತ್ತಿದವರಲ್ಲ. ಊರು ಮರೆಯಿತು. ಮಗಳಿಗೆ ಹೇಳಲೇ ಇಲ್ಲ. ಆದರೆ ಪ್ರತಿ ವರ್ಷ ಆ ತಾರೀಕಿಗೆ ಶೀನ ರಿಕ್ಷಾ ತೆಗೆಯುತ್ತಿರಲಿಲ್ಲ. ಕೇಳಿದವರಿಗೆ ಗಾಡಿಗೆ ರಿಪೇರಿ ಎನ್ನುತ್ತಿದ್ದ. ಅವಳು ಏನನ್ನೂ ಕೇಳುತ್ತಿರಲಿಲ್ಲ.

ಅದನ್ನು ಈ ಎ.ಸಿ. ಹಾಲಿನಲ್ಲಿ, ಊಟಕ್ಕೆ ಕಾದು ಕೂತ ಮೂವತ್ತೊಂಬತ್ತು ಮಂದಿಯ ನಡುವೆ ಇಡುವುದೇ? ಆಗದು ಎಂದು ಅವಳ ಜೀವ ಹೇಳಿತು. ಅದರ ಜಾಗದಲ್ಲಿ ಬೇರೇನಾದರೂ ಇಡಬೇಕಿತ್ತು. ಕೈಗೆ ಸಿಕ್ಕಿದ್ದು ಶಿವಮೊಗ್ಗದ ಹೆಂಗಸಿನ ಮಾತು.

“ನನ್ ಗಂಡ ಹೊಡೀತ್ರ್” ಎಂದಳು ಗುಣವತಿ.

ಹಾಲಿನಲ್ಲಿದ್ದವರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಮುಗಿಯಿತು, ಇನ್ನು ಹೊರಗೆ ಹೋಗಬಹುದು ಎಂದುಕೊಂಡಳು. ಮುಗಿಯಲಿಲ್ಲ. ಮೆಂಟರ್ ಸರ್ ಒಬ್ಬ ಗಂಡಸನ್ನು ಕರೆದು ಅವನ ಕೈಗೆ ದಿಂಬು ಕೊಟ್ಟು ಅವಳೆದುರು ನಿಲ್ಲಿಸಿದ. “ಇವರೇ ನಿಮ್ಮ ಯಜಮಾನರು. ಹೊಡೀರಿ. ಇಷ್ಟು ವರ್ಷದ್ದೆಲ್ಲ ಹೊಡೀರಿ.” ಅವಳು ಮೆಲ್ಲಗೆ ಒಂದು ತಟ್ಟಿದಳು. ಜೋರಾಗಿ ಎಂದರು. ಇನ್ನೊಂದು. ಎಲ್ಲರೂ ಚಪ್ಪಾಳೆ ಹೊಡೆಯುತ್ತ “ಜೋರಾಗಿ, ಜೋರಾಗಿ” ಎಂದು ಕೂಗತೊಡಗಿದರು. ನಾಲ್ಕನೆಯದೋ ಐದನೆಯದೋ ಹೊಡೆತಕ್ಕೆ ಆ ದಿಂಬು ಅವಳ ಕಣ್ಣಿಗೆ ಶೀನನ ಎದೆಯ ಮೇಲಿನ ಟವೆಲಿನ ಗಂಟಿನ ಹಾಗೆ ಕಂಡಿತು. ಅವಳ ಕೈ ನಿಂತಿತು. ಗಂಟಲಿನಿಂದ, ಅವಳದೇ ಎಂದು ಅವಳಿಗೇ ಗುರುತು ಸಿಗದ ಒಂದು ದನಿ ಹೊರಟಿತು. ಆ ದಿಂಬನ್ನು ಕಿತ್ತುಕೊಂಡು ಎದೆಗೊತ್ತಿ ಅವಳು ಅತ್ತಳು.

ಅಷ್ಟೂ ಜನ ಬಂದು ಸುತ್ತ ನಿಂತು ತಬ್ಬಿದರು. ಉಸಿರಾಡಲು ಜಾಗವಿರಲಿಲ್ಲ. ರಂಜನ್ ಅವಳ ಕಾಲು ಮುಟ್ಟಿ, “ಕ್ಷಮ್ಸಿ ಗುಣಕ್ಕ, ನಂಗೊತ್ತೇ ಇರ್ಲಿಲ್ಲೆ” ಎಂದು ಬಿಕ್ಕಿದ. ಬಾಗಿಲು ತೆರೆದರು. ಹೊರಗೆ ಇನ್ನೂ ಬಿಸಿಲಿತ್ತು.

ವಾಪಸು ಬರುವಾಗ ವಿಮಾನದಲ್ಲಿ ವಿನಯಾ ಅವಳ ಕೈ ಹಿಡಿದು, “ಗುಣಕ್ಕ, ಶೀನಣ್ಣನ್ ಕಂಡ್ರೆ ಹಾಂಗೆ ಕಾಂತಿಲ್ಲೆ ಅಲ್ದಾ?” ಎಂದಳು. ಸುಳ್ಳೆಂದು ಹೇಳಿದರೆ ಆ ಅಳುವಿನ ಲೆಕ್ಕ ಕೊಡಬೇಕು. ಗುಣವತಿ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಕೂತಳು.

ಮನೆಯಲ್ಲಿ ಶೀನ ಕಾದು ಕೂತಿದ್ದ. ಮೋಡದ ಮೇಲೆ ಎಂತ ಕಾಣುತ್ತದೆ, ಅಲ್ಲಿಯ ಅನ್ನ ಹೇಗೆ, ರಿಕ್ಷಾ ಉಂಟಾ ಎಂದು ಪ್ರಶ್ನೆ ಮೇಲೆ ಪ್ರಶ್ನೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಹೇಳಬೇಕಾದ ಒಂದನ್ನು ನಾಳೆ ಹೇಳುವಾ ಎಂದು ಎರಡು ದಿನ ಮುಂದೂಡಿದಳು.

ಮೂರನೆಯ ದಿನ ಭಾನುವಾರ, ರಂಜನನ ಕಾರು ಅಂಗಳಕ್ಕೆ ಬಂತು. ಧಣಿ ಮನೆಗೆ ಬಂದರೆಂದು ಶೀನ ಓಡಿ ಹೋಗಿ ಕುರ್ಚಿ ಒರೆಸಿ ಇಟ್ಟ. ಚಾ ಕುಡಿದು ಮುಗಿಸಿ ರಂಜನ್ ಅವನ ಕೈ ಹಿಡಿದುಕೊಂಡ.

“ಶೀನಣ್ಣ, ನಾನ್ ನಿಮ್ನ ಬೈಯುಕೆ ಬಂದದ್ದಲ್ಲ. ಗುಣಕ್ಕ ಅಲ್ಲಿ ಎಲ್ಲ ಹೇಳಿರ್. ನೀವ್ ಕೈ ಎತ್ತೂದ್, ಹೊಡುದ್, ಎಲ್ಲ. ಅದ್ ನಿಮ್ ತಪ್ಪಲ್ಲ, ನಿಮ್ಮೊಳ್ಗಿನ ನೋವ್. ಆದ್ರೆ ಇನ್ನ್ ಮುಂದೆ ಬ್ಯಾಡ.”

ಗುಣವತಿ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಈಗ ಹೇಳಬೇಕು, ಈಗಲೇ ಎಂದುಕೊಂಡಳು. ಅಷ್ಟರಲ್ಲಿ ಶೀನ ಅವಳ ಮುಖ ನೋಡಿದ. ಇಡೀ ಹಾಲಾಡಿಯಲ್ಲಿ ಆ ಮುಖವನ್ನು ಓದಲು ಬರುತ್ತಿದ್ದವನು ಅವನೊಬ್ಬನೇ. ಏನು ಓದಿದನೋ, ತಲೆ ತಗ್ಗಿಸಿ, “ಆಯ್ತ್ ಸರ್. ಇನ್ನ್ ಕೈ ಎತ್ತೂದಿಲ್ಲೆ” ಎಂದ.

ರಂಜನ್ ಅವನನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು ಹೋದ.

ಕಾರಿನ ಸದ್ದು ದೂರವಾದ ಮೇಲೆ ಶೀನ ಕೇಳಿದ: “ನಾನ್ ಯಾವತ್ ಹೊಡ್ದದ್ ಮಾರಾಯ್ತಿ?” ಸಿಟ್ಟಿನಿಂದಲ್ಲ. ಮರೆತದ್ದನ್ನು ನೆನಪು ಮಾಡಿಕೊಳ್ಳಲು ನೋಡುವವನ ಹಾಗೆ.

ಅವಳು ಎಲ್ಲವನ್ನೂ ಹೇಳಿದಳು. ಪರದೆ, ಬಾಗಿಲು, ಹಸಿವು, ದಿಂಬು. ಯಾವುದನ್ನು ಕೊಡಲಾರದೆ ಇದನ್ನು ಕೊಟ್ಟೆ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ಶೀನ ಎದ್ದು ರಂಜನ್ ಕುಡಿದಿಟ್ಟ ಚಾದ ಲೋಟ ತೆಗೆದ.

“ಅಪ್ಪನ್ ಹೆಸ್ರೋ, ಅತ್ತಿ ಹೆಸ್ರೋ ಹೇಳುಕಾತಿತ್ತಲೆ. ಎಂತಕ್ಕೆ ನನ್ ಹೆಸ್ರೇ ಹೇಳ್ದೆ?”

“ಬೇರೆ ಯಾರ್ ಹೆಸ್ರ್ ಹೇಳ್ರೂ ಅವ್ರ್ ನನ್ ಕ್ಷಮ್ಸೂದಿಲ್ಲೆ ಕಾಣಿ” ಎಂದಳು ಗುಣವತಿ.

ಮರುದಿನ ಬೆಳಿಗ್ಗೆ ಅವಳು ನೇರ ರಂಜನನ ಕೋಣೆಗೆ ಹೋದಳು. “ಸರ್, ನಾನ್ ಅಲ್ಲಿ ಹೇಳದ್ ಸುಳ್ಳ್. ಅವ್ರ್ ಒಂದ್ ದಿನವೂ ನನ್ ಮೇಲೆ ಕೈ ಎತ್ಲಿಲ್ಲೆ. ನಿನ್ನೆ ಒಪ್ಕಂಡದ್ ನನ್ ಮರ್ಯಾದಿ ಹೋಪುಕಾಗ ಅಂದೇಳಿ.”

ರಂಜನ್ ಬೇಸರಿಸಲಿಲ್ಲ. ಬಹಳ ಪ್ರೀತಿಯಿಂದ ನಕ್ಕ. “ಹೀಂಗ್ ಆತ್ತ್ ಅಂದೇಳಿ ಮೆಂಟರ್ ಸರ್ ಮೊದ್ಲೇ ಹೇಳಿರ್ ಗುಣಕ್ಕ. ಮನಿಗ್ ಹೋದ್ ಕೂಡ್ಲೆ ಹೆದ್ರಿಕಿ ಸುರು ಆತ್ತ್, ಹೇಳದ್ದನ್ನ ವಾಪಸ್ ತಕಂತ್ರ್. ನೀವ್ ಹೆದ್ರ್‌ಬೇಡಿ. ನಾನ್ ಇದ್ದೆ.”

“ಹೆದ್ರಿಕಿ ಅಲ್ಲ ಸರ್. ಸತ್ಯ.”

“ಹಂಗಾರೆ ಆ ದಿನ ನೀವ್ ಮರ್ಕದ್ ಸುಳ್ಳಾ?”

ಅಳು ಸುಳ್ಳಾಗಿರಲಿಲ್ಲ. ಅದು ಯಾವುದರ ಅಳು ಎಂದು ಹೇಳಿದರೆ ಮಾತ್ರ ಶೀನ ಬಿಡುಗಡೆಯಾಗುತ್ತಾನೆ. ಹೇಳಿದರೆ ಅದು ಶನಿವಾರದೊಳಗೆ ಇಡೀ ಫ್ಯಾಕ್ಟರಿಯ ಬಾಯಲ್ಲಿರುತ್ತದೆ. ಅವಳು ಬಾಗಿಲ ಕಡೆ ತಿರುಗಿದಳು. ಅವನು ಅದನ್ನೇ ಉತ್ತರವೆಂದು ತಿಳಿದು ತಲೆಯಾಡಿಸಿದ.

ಶನಿವಾರ ಕೆಲಸ ಬಿಡುವ ಮುಂಚೆ ಎಲ್ಲರನ್ನೂ ವೃತ್ತವಾಗಿ ಕೂರಿಸಿ ಮನಸ್ಸು ಬಿಚ್ಚಿ ಮಾತಾಡುವ ಹೊಸ ಪದ್ಧತಿ ಶುರುವಾಯಿತು. ರಂಜನ್ ಹೆಸರು ಹೇಳಲಿಲ್ಲ. “ನಮ್ ನಡುವೆನೇ ಒಬ್ರ್ ಇಪ್ಪತ್ತೆಂಟ್ ವರ್ಷ ಗಂಡನ್ ಪೆಟ್ ತಿಂದ್, ಯಾರಿಗೂ ಹೇಳದೆ ಕೆಲ್ಸ ಮಾಡಿರ್. ಈಗಳ್ ಅವ್ರಿಗೆ ಹೇಳುಕೆ ಧೈರ್ಯ ಬಂತ್” ಎಂದ. ಫ್ಯಾಕ್ಟರಿಯಿಂದ ವಿಮಾನ ಹತ್ತಿದ ಹೆಂಗಸರು ಇಬ್ಬರೇ, ಅದರಲ್ಲಿ ವಿನಯಾಳಿಗೆ ಮದುವೆಯಾಗಿರಲಿಲ್ಲ. ಅರುವತ್ತು ಮುಖಗಳು ಗುಣವತಿಯ ಕಡೆ ತಿರುಗಿದವು.

ಗೇಟಿನ ಹತ್ತಿರ ಹಿರಿಯಳಾದ ಬೆಳ್ಳಿ ಅವಳನ್ನು ಹಿಡಿದು ನಿಲ್ಲಿಸಿದಳು. “ಶೀನ ಹೊಡ್ದದ್ದಾ? ಅವ ಕೋಳಿ ಕೊಯ್ಯತ್ತಿಗೂ ಕಣ್ ಮುಚ್ಕಂತ. ಎಂತ ಹೇಳ್ಕಂಡ್ ಬಂದ್ಯೇ ಹೆಣ್ಣೆ?” ಬೆಳ್ಳಿ ಒಬ್ಬಳು ಹಾಗೆ ಕೇಳಿದಳು. ಉಳಿದವರು ಕೇಳುವ ಗೋಜಿಗೆ ಹೋಗಲಿಲ್ಲ, ಅವರಿಗೆ ಎಲ್ಲ ಅರ್ಥವಾಗಿ ಹೋಗಿತ್ತು. ಅದಕ್ಕೇ ಗುಣಕ್ಕ ನಗುವುದಿಲ್ಲ. ಅದಕ್ಕೇ ಮಾತಾಡುವುದಿಲ್ಲ. ಇಷ್ಟು ವರ್ಷ ಅವಳ ಮುಖಕ್ಕೆ ಸಿಗದಿದ್ದ ಕಾರಣ ಈಗ ಸಿಕ್ಕಿತ್ತು. ಅವಳು ಅಲ್ಲ ಎಂದಷ್ಟೂ ಅದು ಗಟ್ಟಿಯಾಯಿತು. ಮೇಜಿನ ಹತ್ತಿರ ಹೋದರೆ ಹುಡುಗಿಯರು ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು. ಅವಳ ಕೈಯ ಮೇಲೆ ಒಂದು ಗೀರು ಕಂಡರೂ ಎರಡು ಕಣ್ಣುಗಳು ಅಲ್ಲೇ ನಿಲ್ಲುತ್ತಿದ್ದವು. ಶೆಡ್ಡಿಗೆ ನಾಲ್ಕು ಬಾಗಿಲುಗಳಿದ್ದವು, ನಾಲ್ಕೂ ತೆರೆದೇ ಇದ್ದವು. ಆದರೂ ಅವಳಿಗೆ ಆ ಕಪ್ಪು ಪರದೆಯ ಹಾಲಿನೊಳಗೇ ಕೂತ ಹಾಗೆ ಆಗುತ್ತಿತ್ತು.

ಸ್ಟ್ಯಾಂಡಿನಲ್ಲಿ ಏನಾಯಿತೆಂದು ಶೀನ ಹೇಳಲಿಲ್ಲ. ಬೆಳ್ಳಿ ಹೇಳಿದಳು. ಮಗುವನ್ನು ಎತ್ತಿಕೊಂಡು ಬಂದ ಒಬ್ಬಳು ಅವನ ರಿಕ್ಷಾದ ಹತ್ತಿರ ಬಂದವಳು, ಮುಖ ನೋಡಿ, ಹಿಂದಿನ ರಿಕ್ಷಾ ಹತ್ತಿದಳಂತೆ. ಅದಕ್ಕಿಂತ ಗುಣವತಿಗೆ ತಡೆಯಲಾಗದೇ ಹೋದದ್ದು ಬೇರೆ. ಅವನು ಊರಿನ ಸುದ್ದಿ ಮನೆಗೆ ತರುವುದನ್ನು ನಿಲ್ಲಿಸಿದ. ಮನೆಯಲ್ಲಿ ಈಗ ಇಬ್ಬರೂ ಮಾತಾಡದವರಾದರು.

ಆಮೇಲೆ ಒಂದು ಮಧ್ಯಾಹ್ನ ಬ್ರಹ್ಮಾವರದಿಂದ ಅಕ್ಷಯಾಳ ಫೋನು. ಅವಳಿಗೆ ಸುದ್ದಿ ಗಂಡನ ಮನೆಯವರ ಕಡೆಯಿಂದ ತಲುಪಿತ್ತು.

“ಅಮ್ಮ, ಹೌದಾ?”

“ಇಲ್ಲೆ ಮಗ. ಸುಳ್ಳ್.”

“ನಾನ್ ಒರ್ಗಿದ್ ಮೇಲಾ ಹೊಡೀತಿದ್ದದ್?”

“ಇಲ್ಲೆ ಅಂದೇಳಿ ಹೇಳ್ದೆ ಅಲೆ.”

“ಹಂಗಾರೆ ನೀನ್ ಎಂತಕ್ಕೆ ಹಾಂಗ್ ಹೇಳದ್? ಯಾರಾರೂ ಸುಮ್ಮನೆ ಹೇಳ್ತ್ರಾ?” ಮಗಳು ಉತ್ತರಕ್ಕೆ ಕಾಯಲಿಲ್ಲ. “ನಂಗೆ ಅಪ್ಪಯ್ಯನ್ ಹತ್ರ ಮಾತಾಡುಕೆ ಮನ್ಸ್ ಬತ್ತಿಲ್ಲೆ ಅಮ್ಮ.”

ಆ ಮನೆಯಲ್ಲೇ ಬೆಳೆದ ಮಗಳು. ಶೀನನ ಹೆಗಲ ಮೇಲೆ ಕೂತು ಶಾಲೆಗೆ ಹೋದವಳು. ಅವಳಿಗೇ ಅನುಮಾನ ಬಂದ ಮೇಲೆ ಗುಣವತಿಗೆ ಬಚ್ಚಿಟ್ಟುಕೊಳ್ಳಲು ಏನೂ ಉಳಿಯಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ರಿಕ್ಷಾದಲ್ಲೇ ಬ್ರಹ್ಮಾವರಕ್ಕೆ ಹೋದರು. ಮಗಳ ಮನೆಯ ಗೇಟಿನ ಹತ್ತಿರ ಶೀನ ಇಂಜಿನ್ ಬಂದ್ ಮಾಡಿದ. “ನೀ ಹೋಯ್ ಬಾ. ನಾನ್ ಇಲ್ಲೇ ಇರ್ತೆ” ಎಂದ. ಅವಳು ಒತ್ತಾಯಿಸಲಿಲ್ಲ.

ಅಡುಗೆಮನೆಯಲ್ಲಿ ಅಕ್ಷಯಾ ಮೀನು ಕೊಯ್ಯುತ್ತಿದ್ದಳು. ಗುಣವತಿ ಅವಳ ಹತ್ತಿರ ಮಣೆ ಎಳೆದುಕೊಂಡು ಕೂತು, ಯಾವ ಪೀಠಿಕೆಯೂ ಇಲ್ಲದೆ, “ನಿನ್ಕಿಂತ ಮೊದ್ಲ್ ಒಂದಿತ್ತ್” ಎಂದು ಶುರುಮಾಡಿದಳು. ಇಪ್ಪತ್ತೇಳು ವರ್ಷದ್ದು. ಹೇಳುವಾಗ ಅಳು ಬರಲಿಲ್ಲ. ಯಾರೂ ಕಾಯುತ್ತಿರಲಿಲ್ಲ, ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಟವೆಲು, ಹಾಡಿ, ಗಂಜಿ, ರಿಪೇರಿಯಿಲ್ಲದ ರಿಕ್ಷಾಕ್ಕೆ ವರ್ಷಕ್ಕೊಮ್ಮೆ ಬರುವ ರಿಪೇರಿ. ಎಲ್ಲ ಹೇಳಿ, “ಅದನ್ ಅಲ್ಲಿ ಹೇಳುಕ್ ಮನ್ಸ್ ಬರ್ಲಿಲ್ಲೆ. ಅದ್ಕೆ ನಿನ್ ಅಪ್ಪಯ್ಯನ್ನ ಕೊಟ್ಟೆ” ಎಂದಳು.

ಅಕ್ಷಯಾ ಕೈ ತೊಳೆಯದೆ ಹಾಗೇ ಕೂತಿದ್ದಳು. ಒಲೆಯ ಮೇಲಿನ ಅನ್ನ ಉಕ್ಕಿತು. ಇಬ್ಬರೂ ಏಳಲಿಲ್ಲ.

“ಹೆಸ್ರ್ ಎಂತ ಇಟ್ಟಿದ್ರಿ?”

“ಹನ್ನೆರ್ಡನೇ ದಿನ ಅಲ್ದಾ ಹೆಸ್ರಿಡುದ್. ಅಷ್ಟರ ತನ್ಕ ಇರ್ಲಿಲ್ಲೆ.”

ಮಗಳು ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಗೇಟಿನ ತನಕ ನಡೆದು ಹೋದಳು. ಅಲ್ಲಿ ಏನು ಮಾತಾಯಿತೋ ಗುಣವತಿಗೆ ಕೇಳಲಿಲ್ಲ. ಬಹಳ ಹೊತ್ತು ಬಿಟ್ಟು ಇಬ್ಬರೂ ಒಳಗೆ ಬಂದರು. ಶೀನನ ಕಣ್ಣು ಕೆಂಪಾಗಿತ್ತು. ಊಟಕ್ಕೆ ಕೂತು, ಸಾರಿಗೆ ಹುಳಿ ಸಾಲದು ಎಂದ.

ತಿರುಗಿ ಬರುವಾಗ ಬಾರ್ಕೂರು ದಾಟಿದ ಮೇಲೆ ಅವನು ಮುಂದೆ ನೋಡುತ್ತಲೇ ಹೇಳಿದ: “ಇದ್ದಿದ್ರೆ ಅವ್ನಿಗೆ ಈಗಳ್ ಇಪ್ಪತ್ತಾರ್ ವರ್ಷ.”

“ಇಪ್ಪತ್ತೇಳ್” ಎಂದಳು ಹಿಂದಿನ ಸೀಟಿನಿಂದ ಗುಣವತಿ.

ಇದೆಲ್ಲ ಆಗಿ ವರ್ಷ ಕಳೆದಿದೆ. ಹೊಸ ಬೀಜದ ಹಂಗಾಮು ಬಂದು ಶನಿವಾರದ ವೃತ್ತ ತಾನಾಗಿ ನಿಂತುಹೋಯಿತು. ಸ್ಟ್ಯಾಂಡಿನಲ್ಲಿ ಶೀನ ಮತ್ತೆ ಅಲ್ಪಸ್ವಲ್ಪ ಮಾತಾಡುತ್ತಾನೆ, ಕೆಲವರು ಈಗಲೂ ಹಿಂದಿನ ರಿಕ್ಷಾ ಹತ್ತುತ್ತಾರೆ. ಗುಣವತಿ ಕೆಲಸ ಬಿಟ್ಟಿಲ್ಲ. ಐವತ್ತನೆಯ ವಯಸ್ಸಿನಲ್ಲಿ ಬಿಟ್ಟು ಎಲ್ಲಿಗೆ ಹೋಗುವುದು? ರಂಜನ್ ಎದುರು ಸಿಕ್ಕಾಗಲೆಲ್ಲ, “ಮನೇಲಿ ಈಗಳ್ ಹ್ಯಾಂಗಿತ್ತ್ ಗುಣಕ್ಕ?” ಎಂದು ಕೇಳುತ್ತಾನೆ.

“ಒಳ್ಳೇದಿತ್ತ್ ಸರ್” ಎನ್ನುತ್ತಾಳೆ ಅವಳು. ಅದು ನಿಜವೂ ಹೌದು. ಅವನ ಮುಖ ಅರಳುತ್ತದೆ. ಥಾಯ್ಲೆಂಡಿನ ಹೊಸ ಬ್ಯಾಚಿಗೆ ಜನ ಸೇರಿಸುವಾಗ, ಹೊಡೆಯುವ ಗಂಡನನ್ನು ತಿದ್ದಿದ ಹೆಂಗಸೆಂದು ಅವನು ಅವಳ ಕತೆಯನ್ನೇ ಹೇಳುತ್ತಾನಂತೆ.